ಸೂಪರಿಂಟೆಂಡೆಂಟ್ ಕುರ್ಚಿಗೆ ಮೊದಲಿನ 15 ವಾರ

ಊರಿಗೆ ಬಂದಾಗಲೆಲ್ಲ ನನ್ನ ಕೆಲಸ ಏನು ಅಂತ ಹೇಳಿ ಅರ್ಥ ಮಾಡಿಸುವುದು ಕಷ್ಟ. ಸೂಪರಿಂಟೆಂಡೆಂಟ್ ಅಂದರೆ ನಮ್ಮ ಕಡೆ ಕಚೇರಿಯಲ್ಲಿ ಗುಮಾಸ್ತರ ಮೇಲಿನ ಹುದ್ದೆ. ‘ಸ್ಕೂಲ್ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್’ ಅಂತ ಪೂರ್ತಿ ಹೇಳಿದರೆ, ಹೆಡ್‌ಮಾಸ್ಟರ್ ಆಗಿ ನಿವೃತ್ತರಾದ ನಮ್ಮ ಅಪ್ಪ, “ಹಾಗಾದ್ರೆ ಡಿಡಿಪಿಐ ಅನ್ನಮ್ಮ” ಅಂತ ಮಾತು ಮುಗಿಸುತ್ತಿದ್ದರು. ಅಪ್ಪ ಹೇಳಿದ್ದು ಅರ್ಧ ಸರಿ. ಉಳಿದ ಅರ್ಧಕ್ಕೇ ತರಬೇತಿ ಬೇಕಾಗುವುದು.

ನಾನಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ನ್ಯೂಯಾರ್ಕ್ ನಗರದಲ್ಲಲ್ಲ, ಅಲ್ಲಿಂದ ಗಂಟೆಗಟ್ಟಲೆ ದೂರದ ಗುಡ್ಡಗಳ ಕಡೆ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ ಅಲ್ಲ. ಒಂದು ಊರು, ಇಲ್ಲವೇ ಅಕ್ಕಪಕ್ಕದ ನಾಲ್ಕೈದು ಊರು ಸೇರಿ ನಡೆಸುವ ಶಾಲೆಗಳ ಒಂದು ಘಟಕ. ರಾಜ್ಯದಲ್ಲಿ ಇಂಥವು ಸುಮಾರು 700 ಇವೆ. ಕೆಲವಲ್ಲಿ ಕೆಲವೇ ನೂರು ಮಕ್ಕಳು, ಕೆಲವಲ್ಲಿ ಹತ್ತಾರು ಸಾವಿರ. ನಮ್ಮಲ್ಲಿ ಬಿಇಒ, ಡಿಡಿಪಿಐ ಹುದ್ದೆಗೆ ಕೆಪಿಎಸ್‌ಸಿ ಮೂಲಕ ಬಂದವರೂ ಇರುತ್ತಾರೆ, ಬಡ್ತಿ ಪಡೆದು ಬಂದವರೂ ಇರುತ್ತಾರೆ. ಯಾರೇ ಆದರೂ ಕಳಿಸುವುದು ಸರ್ಕಾರ, ವರ್ಗ ಮಾಡುವುದೂ ಸರ್ಕಾರ. ಇಲ್ಲಿ ಊರಿನ ಜನ ವೋಟು ಹಾಕಿ ಸ್ಕೂಲ್ ಬೋರ್ಡ್ ಆರಿಸುತ್ತಾರೆ. ಆ ಬೋರ್ಡ್ ಆ ಶಾಲೆಗಳನ್ನೆಲ್ಲ ನಡೆಸುವ ಸೂಪರಿಂಟೆಂಡೆಂಟನ್ನು ಹುಡುಕಿ ತರುತ್ತದೆ. ಸಾಮಾನ್ಯವಾಗಿ 3ರಿಂದ 5 ವರ್ಷದ ಒಪ್ಪಂದ. ವರ್ಗಾವಣೆ ಅನ್ನುವುದೇ ಇಲ್ಲ. ಬೋರ್ಡಿಗೆ ಬೇಡವಾದರೆ ಒಪ್ಪಂದ ಮುಗಿದ ಮೇಲೆ ಮುಂದುವರಿಸುವುದಿಲ್ಲ, ಅಷ್ಟೇ.

ಈ ಹುದ್ದೆ ಹಳೆಯದು. 1837ರಲ್ಲಿ ಇದೇ ರಾಜ್ಯದ ಬಫಲೋ ನಗರವೂ ಕೆಂಟಕಿಯ ಲೂಯಿವಿಲ್ ನಗರವೂ ಮೊದಲ ಸೂಪರಿಂಟೆಂಡೆಂಟರನ್ನು ನೇಮಿಸಿದವು. ಆಗ ಸರ್ಟಿಫಿಕೇಟಿನ ಮಾತೇ ಇರಲಿಲ್ಲ. ಈಗ ಸಾಮಾನ್ಯವಾಗಿ ಅದಿಲ್ಲದೆ ಅರ್ಜಿ ಹಾಕುವಂತಿಲ್ಲ.

ನಾನು ಗಣಿತದ ಟೀಚರ್ ಆಗಿದ್ದೆ, ಪ್ರಿನ್ಸಿಪಾಲ್ ಆದೆ, ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆದೆ, ಕೊನೆಗೆ 9 ವರ್ಷ ಸೂಪರಿಂಟೆಂಡೆಂಟ್ ಕುರ್ಚಿಯಲ್ಲಿ ಕೂತೆ. ಈಗ ಆ ದಾರಿಗೆ ಬರುವವರ ಇಂಟರ್ನ್‌ಶಿಪ್ ನೋಡಿಕೊಳ್ಳುತ್ತೇನೆ. ಅಮೆರಿಕದಲ್ಲಿ ಪಾಠ ಮಾಡುವ ಕನ್ನಡದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಮೇಡಂ, ಯಾವ ಎಕ್ಸಾಂ ಬರೀಬೇಕು?” ನಾವು ಬೆಳೆದದ್ದೇ ಹಾಗಲ್ವಾ? ಪರೀಕ್ಷೆ ಪಾಸಾದರೆ ಬಾಕಿಯೆಲ್ಲ ತಾನಾಗಿ ಬರುತ್ತದೆ ಅಂತ ನಂಬಿ ಬೆಳೆದವರು ನಾವು.

ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ನ್ಯೂಯಾರ್ಕ್ ರಾಜ್ಯದಲ್ಲಿ ಬೇಕಾದದ್ದು ‘ಸ್ಕೂಲ್ ಡಿಸ್ಟ್ರಿಕ್ಟ್ ಲೀಡರ್’ ಸರ್ಟಿಫಿಕೇಟ್. ಎಲ್ಲರೂ ಎಸ್‌ಡಿಎಲ್ ಅನ್ನುತ್ತಾರೆ. ಪ್ರಿನ್ಸಿಪಾಲ್ ಆಗಲು ಬೇಕಾದದ್ದು ‘ಸ್ಕೂಲ್ ಬಿಲ್ಡಿಂಗ್ ಲೀಡರ್’, ಅದು ಬೇರೆ. ಹಣಕಾಸು ನೋಡಿಕೊಳ್ಳುವವರಿಗೆ ‘ಡಿಸ್ಟ್ರಿಕ್ಟ್ ಬಿಸಿನೆಸ್ ಲೀಡರ್’, ಅದು ಇನ್ನೊಂದು. ಎಸ್‌ಡಿಎಲ್‌ಗೆ ಮಾಸ್ಟರ್ಸ್ ಪದವಿ ಇರಬೇಕು, ಒಟ್ಟು 60 ಕ್ರೆಡಿಟ್‌ನಷ್ಟು ಸ್ನಾತಕೋತ್ತರ ಓದು ಇರಬೇಕು, ಶಾಲೆಯಲ್ಲಿ 3 ವರ್ಷ ಕೆಲಸ ಮಾಡಿರಬೇಕು, ರಾಜ್ಯ ಒಪ್ಪಿದ ಕೋರ್ಸ್ ಮುಗಿಸಿರಬೇಕು. ಬೆರಳಚ್ಚು ಕೊಡಬೇಕು. ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ ತರಬೇತಿ ಇದೆ, ಶಾಲೆಯಲ್ಲಿ ಪೀಡನೆ ತಡೆಯುವ ‘ಡಾಸಾ’ ಕಾನೂನಿನ 6 ಗಂಟೆಯ ತರಬೇತಿ ಇದೆ. ಆಮೇಲೆ ಎರಡು ಭಾಗದ ಪರೀಕ್ಷೆ. ಆಯ್ಕೆ ಮಾಡುವ ಪ್ರಶ್ನೆಗಳ ಜೊತೆಗೆ, ಒಂದು ಡಿಸ್ಟ್ರಿಕ್ಟಿನ ಕಾಗದಪತ್ರ, ಅಂಕಿಅಂಶ ಕೊಟ್ಟು ‘ಏನು ಮಾಡುತ್ತೀರಿ, ಯಾಕೆ’ ಅಂತ ಬರೆಸುತ್ತಾರೆ. ಓದಿಕೊಂಡು ಹೋದವರಿಗೆ ಅದು ಅಂಥ ಕಷ್ಟವೇನಲ್ಲ. ಸರ್ಟಿಫಿಕೇಟ್ ಸಿಕ್ಕ ಮೇಲೂ ಕೆಲಸದಲ್ಲಿರುವವರು 5 ವರ್ಷಕ್ಕೊಮ್ಮೆ 100 ಗಂಟೆ ತರಬೇತಿ ತೋರಿಸಬೇಕು. ಬೇರೆ ರಾಜ್ಯಗಳ ನಿಯಮ ಬೇರೆ. ಟೆಕ್ಸಸ್‌ನಲ್ಲಿ ಅವರದೇ ಪರೀಕ್ಷೆ, ಕ್ಯಾಲಿಫೋರ್ನಿಯಾದಲ್ಲಿ ಬೋರ್ಡ್ ಮನಸ್ಸು ಮಾಡಿದರೆ ಸೂಪರಿಂಟೆಂಡೆಂಟಿಗೆ ಈ ಅರ್ಹತೆಯಿಂದ ವಿನಾಯಿತಿ ಕೊಡಬಹುದು.

ಈ ಪಟ್ಟಿಯಲ್ಲಿ ನಾನು ಬೇಕೆಂದೇ ಒಂದನ್ನು ಬಿಟ್ಟೆ. ಇಂಟರ್ನ್‌ಶಿಪ್. 15 ವಾರ, ಪೂರ್ಣಾವಧಿ. ನನ್ನ ಪ್ರಕಾರ ಇಡೀ ತರಬೇತಿಯ ಜೀವ ಇರುವುದು ಅಲ್ಲಿ. ಹಾಳಾಗುವುದೂ ಅಲ್ಲೇ ಜಾಸ್ತಿ. ಎಷ್ಟೋ ಕಡೆ ಇಂಟರ್ನ್ ಕೈಗೆ ಒಂದು ಸಮಿತಿಯ ಟಿಪ್ಪಣಿ ಬರೆಯುವ ಕೆಲಸ ಕೊಡುತ್ತಾರೆ, ಒಂದು ಸರ್ವೆ ಮಾಡಿಸುತ್ತಾರೆ, ಗಂಟೆಗಳ ಲೆಕ್ಕದ ಹಾಳೆಗೆ ಸಹಿ ಹಾಕುತ್ತಾರೆ. ಮುಗೀತು. ಆ ಮನುಷ್ಯ ಮುಂದಿನ ವರ್ಷ ಅರ್ಜಿ ಹಾಕುತ್ತಾನೆ, ಊರಿನ ಸಾವಿರಾರು ಮಕ್ಕಳ ಹೊಣೆ ಹೊರುತ್ತಾನೆ. ಇದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ನನ್ನ ಜೊತೆ ಇದ್ದ ಒಬ್ಬ ಇಂಟರ್ನ್ ವಿಜ್ಞಾನದ ಟೀಚರ್, ಚುರುಕಾದ ಹುಡುಗ. ಫೆಬ್ರವರಿಯ ಒಂದು ಬೆಳಗಿನ ಜಾವ 4 ಗಂಟೆಗೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ರಾತ್ರಿಯಿಡೀ ಹಿಮ ಬಿದ್ದಿತ್ತು. ಶಾಲೆ ನಡೆಸಬೇಕೋ ರಜೆ ಕೊಡಬೇಕೋ ಅನ್ನುವುದನ್ನು ಐದೂವರೆಯೊಳಗೆ ಹೇಳಬೇಕು, ಆಮೇಲೆ ಬಸ್ಸುಗಳು ಹೊರಟುಬಿಡುತ್ತವೆ. ಮುಖ್ಯ ರಸ್ತೆಯಲ್ಲಿ ಹಿಮ ಬಳಿಯುವ ಲಾರಿ ಆಗಲೇ ಒಂದು ಸುತ್ತು ಬಂದಿತ್ತು. ಡಾಂಬರು ಕಾಣುತ್ತಿತ್ತು. “ನಡೆಸಬಹುದು ಅನ್ಸುತ್ತೆ” ಅಂದ. ನಾನು ಕಾರನ್ನು ಗುಡ್ಡದ ಹಿಂದಿನ ರಸ್ತೆಗೆ ತಿರುಗಿಸಿದೆ. ಅಲ್ಲಿ ಒಂದು ಏರು ಇದೆ, ನಡುವೆ ಒಂದು ತಿರುವು. ಕಾರಿನ ಚಕ್ರ ಎರಡು ಸಲ ಜಾರಿತು. ಆ ರಸ್ತೆಯಲ್ಲಿ ಬಸ್ ಹತ್ತುವ ಮಕ್ಕಳು 11 ಜನ. ಅವನು ಸುಮ್ಮನಾದ. “ಸರಿ, ರಜೆ” ಅಂದ. ಆಗ ಕೇಳಿದೆ: “ರಜೆ ಕೊಟ್ಟರೆ ಇವತ್ತು ಎಷ್ಟು ಮಕ್ಕಳಿಗೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ತಪ್ಪುತ್ತೆ?” ಅವನಿಗೆ ಗೊತ್ತಿರಲಿಲ್ಲ. ವರ್ಷಕ್ಕೆ 180 ದಿನ ಪಾಠ ನಡೆಯಬೇಕು ಅಂತ ರಾಜ್ಯದ ಲೆಕ್ಕ. ಅದರಲ್ಲಿ ಎಷ್ಟು ದಿನ ಕೈಯಲ್ಲಿ ಉಳಿದಿದೆ ಅನ್ನುವುದೂ ಗೊತ್ತಿರಲಿಲ್ಲ. ಬಸ್ ವಿಭಾಗದ ಮುಖ್ಯಸ್ಥರಿಗೆ, ಊರಿನ ರಸ್ತೆ ಇಲಾಖೆಯವರಿಗೆ, ಪಕ್ಕದ ಮೂರು ಡಿಸ್ಟ್ರಿಕ್ಟಿನವರಿಗೆ ಫೋನ್ ಮಾಡಿದೆ. ಎರಡು ಗಂಟೆ ತಡವಾಗಿ ಶುರು ಮಾಡುವುದು ಅಂತ ತೀರ್ಮಾನ ಆಯಿತು. ಗುಡ್ಡದ ಮಕ್ಕಳಿಗೆ ಸಣ್ಣ ವ್ಯಾನ್ ಕಳಿಸಿದೆವು. ಆ ವಾರ ಮುಗಿಯುವ ಮೊದಲೇ ಅವನು ಎಲ್ಲ ಬಸ್ ರೂಟಿನಲ್ಲೂ ಒಂದೊಂದು ಸಲ ಕೂತು ಬಂದ. ನಾನು ಹೇಳಿರಲಿಲ್ಲ.

ಇನ್ನೊಂದು ಜಾಗ ಶಿಸ್ತಿನ ವಿಚಾರಣೆ. ಪ್ರಿನ್ಸಿಪಾಲ್ ಒಬ್ಬ ವಿದ್ಯಾರ್ಥಿಯನ್ನು 5 ದಿನದವರೆಗೆ ಮಾತ್ರ ಹೊರಗಿಡಬಹುದು. ಅದಕ್ಕಿಂತ ಜಾಸ್ತಿ ಅಂದರೆ ಸೂಪರಿಂಟೆಂಡೆಂಟ್ ಮಟ್ಟದಲ್ಲಿ ವಿಚಾರಣೆ ನಡೆಯಬೇಕು. ಮಗು ವಕೀಲರನ್ನು ಕರೆತರಬಹುದು, ಸಾಕ್ಷಿಗಳನ್ನು ಪ್ರಶ್ನಿಸಬಹುದು. ಕಾನೂನಿನ ಕಲಮು ಕೋರ್ಸಿನಲ್ಲಿ ಬಾಯಿಪಾಠ ಆಗಿರುತ್ತದೆ. ಆದರೆ ಎದುರಿಗೆ ಕೂತ ತಾಯಿ ರಾತ್ರಿ ಪಾಳಿ ಮುಗಿಸಿ, ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದು, ಕೈಚೀಲದ ಹಿಡಿಯನ್ನು ಹಿಂಡುತ್ತಾ ಕೂತಿರುವುದನ್ನು ಒಂದು ಸಲವಾದರೂ ಹತ್ತಿರದಿಂದ ನೋಡಿರಬೇಕು. ಆಮೇಲೆ ಆ ಕಲಮು ಬೇರೆ ಥರ ಓದಿಸಿಕೊಳ್ಳುತ್ತದೆ.

ಸರ್ಟಿಫಿಕೇಟ್ ಬರೀ ಕಾಗದ, ಒಳ್ಳೆಯ ಆಡಳಿತಗಾರ ಯಾರಾದರೂ ನಡೆಸಬಹುದು ಅನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಮೈಕಲ್ ಬ್ಲೂಮ್‌ಬರ್ಗ್, ಹರ್ಸ್ಟ್ ಪತ್ರಿಕಾ ಸಂಸ್ಥೆಯಲ್ಲಿದ್ದ ಕ್ಯಾಥಿ ಬ್ಲ್ಯಾಕ್ ಅವರನ್ನು ನಗರದ ಶಾಲೆಗಳ ಚಾನ್ಸಲರ್ ಆಗಿ ಆರಿಸಿದರು. ಅಲ್ಲಿ ಸೂಪರಿಂಟೆಂಡೆಂಟಿನ ಕೆಲಸಕ್ಕೆ ಇರುವ ಹೆಸರು ಅದು. ಅವರಿಗೆ ಪಾಠ ಮಾಡಿದ ಅನುಭವವೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ರಾಜ್ಯದ ಶಿಕ್ಷಣ ಕಮಿಷನರ್ ಡೇವಿಡ್ ಸ್ಟೈನರ್ ವಿನಾಯಿತಿ ಕೊಟ್ಟರು. ಶಿಕ್ಷಣದ ಕೆಲಸ ಬಲ್ಲ ಒಬ್ಬರು ಅವರ ಜೊತೆಗೆ ಎರಡನೇ ಸ್ಥಾನದಲ್ಲಿರುವ ಏರ್ಪಾಡಾದ ಮೇಲೆ ಕೊಟ್ಟದ್ದು. 2011ರ ಜನವರಿಯಲ್ಲಿ ಕೆಲಸಕ್ಕೆ ಬಂದವರು ಏಪ್ರಿಲ್‌ನಲ್ಲಿ ಹೊರಟುಹೋದರು. ಕಂಪನಿ ನಡೆಸಿ ಗೆದ್ದವರು ಅವರು, ಸಾಮರ್ಥ್ಯ ಇಲ್ಲದವರೇನಲ್ಲ. ಆದರೆ ಶಾಲೆ ಮುಚ್ಚುತ್ತೀರಾ ಅಂತ ಕೂಗುವ ತಂದೆತಾಯಿಗಳ ಸಭೆಯಲ್ಲಿ ನಿಲ್ಲುವುದು ಬೇರೆಯದೇ ಕೆಲಸ.

ಹಾಗಂತ ಸರ್ಟಿಫಿಕೇಟ್ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಲಾಂಗ್ ಐಲೆಂಡಿನ ರಾಸ್ಲಿನ್ ಡಿಸ್ಟ್ರಿಕ್ಟ್ ಒಳ್ಳೆಯ ಶಾಲೆಗಳಿಗೆ ಹೆಸರಾಗಿತ್ತು. ಸೂಪರಿಂಟೆಂಡೆಂಟ್ ಫ್ರ್ಯಾಂಕ್ ಟ್ಯಾಸೋನ್ ಅವರ ಅರ್ಹತೆಗೆ ಏನೂ ಕೊರತೆ ಇರಲಿಲ್ಲ. 2005ರಲ್ಲಿ ರಾಜ್ಯದ ಕಂಪ್ಟ್ರೋಲರ್ ಕಚೇರಿ ಲೆಕ್ಕ ತೆಗೆದಾಗ ಸುಮಾರು 1.12 ಕೋಟಿ ಡಾಲರ್ ಹಾಗೆ ಹೀಗೆ ಸೋರಿಹೋಗಿತ್ತು. ಟ್ಯಾಸೋನ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು. ಬಿಲ್ಲುಗಳ ಮೇಲೆ ಕಣ್ಣಿಡಬೇಕಾದ ಬೋರ್ಡ್, ಮಕ್ಕಳ ಫಲಿತಾಂಶ ಚೆನ್ನಾಗಿದೆ ಅನ್ನುವ ಸಮಾಧಾನದಲ್ಲಿತ್ತು. ಅದಾದ ಮೇಲೆ ರಾಜ್ಯ ಕಾನೂನು ಬಿಗಿ ಮಾಡಿತು. ಹೊಸದಾಗಿ ಗೆದ್ದ ಬೋರ್ಡ್ ಸದಸ್ಯರೂ ಈಗ ಹಣಕಾಸಿನ ಬಗ್ಗೆ ಕನಿಷ್ಠ 6 ಗಂಟೆ ತರಬೇತಿ ಪಡೆಯಬೇಕು. ಇಂಟರ್ನ್‌ಗಳಿಗೆ ನಾನು ಈ ಕಥೆ ಹೇಳಿ, ಒಂದು ತಿಂಗಳ ಕ್ರೆಡಿಟ್ ಕಾರ್ಡ್ ಬಿಲ್ಲು ಮುಂದಿಟ್ಟು ಪ್ರತಿ ಸಾಲಿಗೂ ಕಾರಣ ಹುಡುಕಿಸುತ್ತೇನೆ. ಬೇಸರದ ಕೆಲಸ. ಆದರೂ ಬಿಡುವುದಿಲ್ಲ.

ಹಣದ ಮಾತು ಬಂತಲ್ಲ, ಬಜೆಟ್ ಬಗ್ಗೆ ಹೇಳಲೇಬೇಕು. ಇಲ್ಲಿ ಶಾಲೆಯ ಬಜೆಟ್ ಮೇಲೆ ಊರಿನ ಜನವೇ ವೋಟು ಹಾಕುತ್ತಾರೆ. ಅತಿ ದೊಡ್ಡ ಐದು ನಗರ ಬಿಟ್ಟರೆ ಉಳಿದ ಕಡೆಯೆಲ್ಲ ಮೇ ತಿಂಗಳ ಮೂರನೇ ಮಂಗಳವಾರ. ಮನೆ ಕಂದಾಯದಿಂದ ಎತ್ತುವ ಹಣಕ್ಕೆ 2011ರ ಕಾನೂನಿನಲ್ಲಿ ಮಿತಿ ಇದೆ. ಶೇಕಡಾ 2 ಅಥವಾ ಬೆಲೆಯೇರಿಕೆಯ ದರ, ಯಾವುದು ಕಡಿಮೆಯೋ ಅದು ಲೆಕ್ಕದ ಶುರು. ಅದಕ್ಕೆ ಕೆಲವು ಕೂಡಿಸಿ ಕಳೆಯುವುದು ಇರುತ್ತದೆ. ಮಿತಿ ದಾಟಬೇಕಾದರೆ ಶೇಕಡಾ 60 ವೋಟು ಬೇಕು. ಸೋತರೆ ಜೂನ್‌ನಲ್ಲಿ ಇನ್ನೊಂದೇ ಅವಕಾಶ. ಅದೂ ಸೋತರೆ ಕಂದಾಯ ಒಂದು ಡಾಲರೂ ಏರಿಸುವಂತಿಲ್ಲ.

ನಾನು ಸೂಪರಿಂಟೆಂಡೆಂಟ್ ಆದ ಎರಡನೇ ವರ್ಷ ನಮ್ಮ ಬಜೆಟ್ ಮೇ ತಿಂಗಳಲ್ಲಿ ಸೋತಿತು. ಮಿತಿಯೊಳಗೇ ಇತ್ತು. ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ, ಸ್ಲೈಡುಗಳನ್ನು ನಾನೇ ಕೂತು ಮಾಡಿದ್ದೆ. ಉಳಿತಾಯಕ್ಕೆ ಅಂತ ಸಂಜೆಯ ಲೇಟ್ ಬಸ್ ತೆಗೆದಿದ್ದೆ. ಆಟ, ಬ್ಯಾಂಡ್, ಟ್ಯೂಷನ್ ಮುಗಿಸಿ ಉಳಿಯುವ ಮಕ್ಕಳನ್ನು ಮನೆಗೆ ಬಿಡುವ ಬಸ್ ಅದು. ಕಾಗದದ ಮೇಲೆ ಅದು ಸಣ್ಣ ಸಾಲು. ಎಣಿಕೆಯ ರಾತ್ರಿ ಜಿಮ್‌ನಲ್ಲಿ ಮಡಚುವ ಕುರ್ಚಿ ಮೇಲೆ ಕೂತಿದ್ದೆ. ಒಬ್ಬ ಬಸ್ ಡ್ರೈವರಮ್ಮ ಹತ್ತಿರ ಬಂದು, ಆ ಬಸ್ಸಿನಲ್ಲಿ ಬರುವ ಮಕ್ಕಳ ಹೆಸರು ಒಂದೊಂದಾಗಿ ಹೇಳಿದರು. ಅವರಲ್ಲಿ ಬಹಳ ಜನರ ಮನೆಯಲ್ಲಿ ಕಾರೇ ಇರಲಿಲ್ಲ. ಆ ಹೆಸರುಗಳು ಬಜೆಟ್ ಬರೆಯುವ ಮೊದಲೇ, ಡಿಸೆಂಬರ್‌ನಲ್ಲೇ ನನಗೆ ಗೊತ್ತಿರಬೇಕಿತ್ತು. ಜೂನ್‌ಗೆ ಆ ಬಸ್ ವಾಪಸ್ ಹಾಕಿ, ಬೇರೆ ಕಡೆ ಉಳಿಸಿ, ಮನೆಮನೆ ಸಭೆ ಮಾಡಿ ಹೋದೆವು. ಗೆದ್ದಿತು.

ಅದಕ್ಕೇ ನನ್ನ ಒತ್ತಾಯ: ಇಂಟರ್ನ್‌ಶಿಪ್ ಜನವರಿಯಿಂದ ಮೇವರೆಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಸುಲಭ ಅಂತ ಹೋಗಬೇಡಿ. ಬೇಸಿಗೆಯಲ್ಲಿ ಮಕ್ಕಳಿಲ್ಲ, ಹಿಮ ಇಲ್ಲ, ಬಜೆಟ್ ಇಲ್ಲ. ಬಿಸಿನೆಸ್ ಆಫೀಸಿನಲ್ಲಿ ಕೂತು ನೌಕರರ ಆರೋಗ್ಯ ವಿಮೆಯ ಸಾಲು ಯಾಕೆ ಪ್ರತಿ ವರ್ಷ ಉಬ್ಬುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಹೆಣ್ಣುಮಕ್ಕಳಿಗೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಈ ದೇಶದಲ್ಲಿ ಪಾಠ ಮಾಡುವವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು, ಸೂಪರಿಂಟೆಂಡೆಂಟರಲ್ಲಿ ಸುಮಾರು ಕಾಲು ಪಾಲು ಮಾತ್ರ. 1909ರಲ್ಲೇ ಎಲಾ ಫ್ಲ್ಯಾಗ್ ಯಂಗ್ ಅನ್ನುವ ಮಹಿಳೆ ಶಿಕಾಗೋದ ಶಾಲೆಗಳನ್ನು ನಡೆಸಲು ಬಂದರೂ ಪರಿಸ್ಥಿತಿ ಇಷ್ಟೇ. ಸಂದರ್ಶನದಲ್ಲಿ ಹೆಂಗಸರಿಗೆ ಪಠ್ಯದ ಬಗ್ಗೆ ಕೇಳುತ್ತಾರೆ, ಹಣದ ಬಗ್ಗೆ ಅನುಮಾನ ಪಡುತ್ತಾರೆ. ಅದನ್ನು ನಾನು ಅನುಭವಿಸಿದ್ದೇನೆ. ಬಜೆಟ್ ಪುಸ್ತಕ ಕೈಯಲ್ಲಿ ಹಿಡಿದು ಉತ್ತರ ಕೊಡುವಂತಾದ ಮೇಲೆ ಆ ಅನುಮಾನ ನಿಂತಿತು.

ಕೊನೆಗೆ ಭಾರತದಲ್ಲಿ ಪದವಿ ಮುಗಿಸಿ ಬಂದವರಿಗೆ ಒಂದು ಮಾತು. ನಿಮ್ಮ ಡಿಗ್ರಿ, ಬಿ.ಎಡ್. ಎಲ್ಲವನ್ನೂ ರಾಜ್ಯ ಒಪ್ಪಿದ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಮೂರು ವರ್ಷದ ಡಿಗ್ರಿಯಾದರೆ ಪ್ರಶ್ನೆ ಏಳುತ್ತದೆ, ಮೇಲಿನ ಎಂ.ಎ. ಅಥವಾ ಎಂ.ಎಸ್ಸಿ. ಅಂಕಪಟ್ಟಿಯನ್ನೂ ಜೊತೆಗೆ ಕೊಡಿ. ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ತರಿಸಲು ನನಗೆ ಏಳು ತಿಂಗಳು ಹಿಡಿಯಿತು. ಕೊನೆಗೆ ತಮ್ಮನೇ ಕೌಂಟರಿನ ಮುಂದೆ ಮೂರು ದಿನ ನಿಂತು ಕಳಿಸಿದ. ಕೋರ್ಸಿಗೆ ಸೇರುವ ಯೋಚನೆ ಇದ್ದರೆ, ಈ ಸಲ ಊರಿಗೆ ಹೋದಾಗಲೇ ಆ ಅರ್ಜಿ ಕೊಟ್ಟು, ರಸೀದಿ ತೆಗೆದುಕೊಂಡು ಬನ್ನಿ.