ಚಕ್ರ ಇಳಿಯದಿದ್ದರೆ ವಿಮಾನ ಬೀಳುತ್ತದಾ?

2024ರ ಅಕ್ಟೋಬರ್ 11, ಆಯುಧಪೂಜೆ. ಮಡಿಕೇರಿಯಲ್ಲಿ ಜೀಪು, ಬಸ್ಸು, ಸ್ಕೂಟರ್ ಎಲ್ಲದರ ಚಕ್ರದಡಿಗೂ ನಿಂಬೆಹಣ್ಣು. ಮಾರನೇ ರಾತ್ರಿಯ ದಶಮಂಟಪ ಮೆರವಣಿಗೆಗೆ ಊರು ಸಜ್ಜಾಗುತ್ತಿತ್ತು. ಅದೇ ಸಂಜೆ ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಬೋಯಿಂಗ್ 737 ಒಂದರ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಚಕ್ರ ಮುಂತಾದವನ್ನು ಆಡಿಸುವ ವ್ಯವಸ್ಥೆ, ಕೈಕೊಟ್ಟಿತು. ಎರಡು ಗಂಟೆಗೂ ಜಾಸ್ತಿ ಹೊತ್ತು ಅದು ಅಲ್ಲೇ ಸುತ್ತಿತು. ಚಕ್ರ ಇಳಿಯಲ್ಲವಂತೆ, ಹೊಟ್ಟೆ ಮೇಲೇ ಇಳಿಸ್ತಾರಂತೆ ಅಂತ ಸುದ್ದಿ. ವಿರಾಜಪೇಟೆ ಕಡೆಯಿಂದ ಘಟ್ಟ ಇಳಿದು, ಕಣ್ಣೂರಿನಲ್ಲಿ ಗಲ್ಫ್ ವಿಮಾನ ಹತ್ತುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಇಂಥ ಸುದ್ದಿಗೆ ಎದೆ ಧಸಕ್ಕೆನ್ನುವುದು ಸಹಜ. ಕೊನೆಗೆ ಅದು ಮಾಮೂಲಿಯಾಗಿ ಚಕ್ರದ ಮೇಲೆಯೇ ಇಳಿಯಿತು.

ಪವಾಡ ಅಂದರು. 1965ರ ಯುದ್ಧವೀರ ಅಜ್ಜಮಾಡ ದೇವಯ್ಯ ಅವರಂಥ ಪೈಲಟ್ ಹುಟ್ಟಿದ ಜಿಲ್ಲೆಯಲ್ಲಾದರೂ ಪೈಲಟ್‌ಗಳ ಕೆಲಸಕ್ಕೆ ಪವಾಡ ಅನ್ನಬಾರದು, ಅಲ್ವಾ?

ವಿಮಾನ ಸುತ್ತುತ್ತಿದೆ ಎಂದರೆ ಒಳಗೆ ಕೆಲಸ ನಡೆಯುತ್ತಿದೆ ಎಂದರ್ಥ. 737-800 ತನ್ನ ಭಾರವೂ ಸೇರಿ ಸುಮಾರು 79 ಟನ್ ತೂಕದವರೆಗೆ ಹೊತ್ತು ಏರಬಲ್ಲದು. ಇಳಿಯುವಾಗ ಮಾತ್ರ ಸುಮಾರು 66 ಟನ್ ಒಳಗಿರಬೇಕು. ಇಂಧನವನ್ನು ಗಾಳಿಗೆ ಸುರಿಯುವ ಏರ್ಪಾಡು ಅದರಲ್ಲಿಲ್ಲ, ಸುತ್ತಿ ಸುತ್ತಿ ಉರಿಸಿಯೇ ಖಾಲಿ ಮಾಡಬೇಕು.

ಈಗ ನನಗೆ ಇಷ್ಟವಾದ ಭಾಗ. ಮೇಲೆ ಮಡಚಿದ ಚಕ್ರವನ್ನು ಹೈಡ್ರಾಲಿಕ್ ಒತ್ತಡ ಹಿಡಿದಿದೆ ಎಂದುಕೊಂಡವರು ಬಹಳ. 737ರಲ್ಲಿ ಚಕ್ರ ಮೇಲೆ ಹೋದ ಮೇಲೆ ಲಿವರನ್ನು ಆಫ್‌ಗೆ ತಂದು ಆ ಒತ್ತಡವನ್ನೇ ತೆಗೆದುಬಿಡುತ್ತಾರೆ. ಹಿಡಿದಿರುವುದು ಬರೀ ಕೊಕ್ಕೆ. ಕಾಕ್‌ಪಿಟ್ ನೆಲದಲ್ಲೊಂದು ಸಣ್ಣ ಮುಚ್ಚಳವಿದೆ. ಅದರಡಿ ಮೂರು ಹಿಡಿಗಳು, ಚಕ್ರ ಹೊತ್ತ ಮೂರು ಕಾಲುಗಳಿಗೆ ಒಂದೊಂದು. ಎಳೆದರೆ ಕೊಕ್ಕೆ ಕಳಚಿ, ಕಾಲು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಮೂಗಿನಡಿಯ ಕಾಲು ಮುಂದಕ್ಕೆ ಮಡಚಿರುವುದರಿಂದ ಎದುರುಗಾಳಿಯೇ ಅದನ್ನು ಹಿಂದಕ್ಕೆ ತಳ್ಳಿ ನೆಟ್ಟಗೆ ಮಾಡುತ್ತದೆ. ಏರ್‌ಬಸ್ 320ರಲ್ಲಿ ಹಿಡಿಯ ಬದಲು ಕೈಯಲ್ಲಿ ಮೂರು ಸುತ್ತು ತಿರುಗಿಸುವ ಕ್ರ್ಯಾಂಕ್. ನ್ಯೂಟನ್ ಲೆಕ್ಕ ಹಾಕಿದ ಬಲಕ್ಕೆ ಹೈಡ್ರಾಲಿಕ್ ಎಣ್ಣೆ ಬೇಡ.

ಹಾಗೆ ಸುಮ್ನೆ ಬಿದ್ದ ಕಾಲು ನೆಲಕ್ಕೆ ತಾಗಿದಾಗ ಮತ್ತೆ ಮಡಚಿಕೊಳ್ಳುವುದಿಲ್ಲವೇ? ನೆಟ್ಟಗೆ ನಿಂತು ನಿಮ್ಮ ಮಂಡಿಯನ್ನು ಗಮನಿಸಿ. ಅದು ಚೂರು ಹಿಂದಕ್ಕೆ ಸರಿದು ಕೂತಿರುತ್ತದೆ. ಸ್ನಾಯು ಸಡಿಲ ಬಿಟ್ಟರೂ ಮೈಭಾರವೇ ಅದನ್ನು ಬಿಗಿ ಹಿಡಿಯುತ್ತದೆ. ವಿಮಾನದ ಕಾಲಿಗೆ ಆಸರೆಯಾದ ಮಡಚುವ ಕೋಲುಗಳಲ್ಲೂ ಇಂಥ ಕೀಲಿದೆ. ನೇರ ಗೆರೆಯನ್ನು ತುಸುವೇ ದಾಟಿ ಕೂತರೆ ಸ್ಪ್ರಿಂಗ್ ಅದನ್ನು ಅಲ್ಲೇ ಹಿಡಿಯುತ್ತದೆ. ಆಮೇಲೆ ಒತ್ತಿದಷ್ಟೂ ಬಿಗಿ. ಆಗ ಪೈಲಟ್ ಮುಂದೆ ಮೂರು ಹಸಿರು ದೀಪ.

ಆ ದೀಪದ್ದೇ ದೊಡ್ಡ ಕಥೆ. 1972ರ ಡಿಸೆಂಬರ್ 29ರ ರಾತ್ರಿ, ಮಯಾಮಿ ಹತ್ತಿರ ಈಸ್ಟರ್ನ್ ಸಂಸ್ಥೆಯ ಟ್ರೈಸ್ಟಾರ್ ವಿಮಾನದಲ್ಲಿ ಮೂಗಿನ ಚಕ್ರದ ದೀಪ ಹತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬಿನ ಹಿಂದೆ ಬಿದ್ದರು. ಎತ್ತರ ಕಾಯುತ್ತಿದ್ದ ಆಟೋಪೈಲಟ್ ಸಡಿಲಗೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ. ವಿಮಾನ ಜೌಗುನೆಲಕ್ಕೆ ಬಿತ್ತು, ಸುಮಾರು ನೂರು ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಸುಟ್ಟಿದ್ದು ಬಲ್ಬು!

1978ರಲ್ಲಿ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್‌ನ ಡಿಸಿ-8 ಚಕ್ರದ ಚಿಂತೆಯಲ್ಲಿ ಸುಮಾರು ಒಂದು ಗಂಟೆ ಸುತ್ತಿ, ಇಂಧನ ಮುಗಿದು ಬಿತ್ತು. 10 ಜನ ಹೋದರು. ಅಲ್ಲೂ ಚಕ್ರ ಇಳಿದೇ ಇತ್ತು. ಇಂಧನ ಕಡಿಮೆಯಾಗುತ್ತಿದೆ ಎಂದು ಕಿರಿಯರು ಹೇಳಿದರೂ ಕ್ಯಾಪ್ಟನ್‌ಗೆ ಅದರ ತುರ್ತು ತಟ್ಟಲಿಲ್ಲ. ಕಿರಿಯರು ಬಾಯಿಬಿಟ್ಟು ಹೇಳಬೇಕು, ಹಿರಿಯರು ಕೇಳಬೇಕು ಎಂಬ ತರಬೇತಿ ಆಮೇಲೆ ಶುರುವಾಯಿತು. ಒಬ್ಬರು ಚೆಕ್‌ಲಿಸ್ಟ್ ಓದಿದರೆ ಇನ್ನೊಬ್ಬರು ವಿಮಾನ ಹಾರಿಸಲೇಬೇಕು.

ಇನ್ನು ಚಕ್ರ ನಿಜಕ್ಕೂ ಇಳಿಯದ ವಿಮಾನ? 2011ರ ನವೆಂಬರ್ 1ರಂದು ವಾರ್ಸಾದಲ್ಲಿ ಪೋಲೆಂಡಿನ ಬೋಯಿಂಗ್ 767 ಒಂದನ್ನು ಕ್ಯಾಪ್ಟನ್ ತದೆಉಷ್ ವ್ರೋನಾ ಹೊಟ್ಟೆ ಮೇಲೆಯೇ ಇಳಿಸಿದರು. ಕಿಡಿ ಹಾರಿತು. ಒಳಗಿದ್ದ 231 ಜನರಲ್ಲಿ ಯಾರಿಗೂ ಗಂಭೀರ ಗಾಯವಾಗಲಿಲ್ಲ. ಹೈಡ್ರಾಲಿಕ್ ಸೋರಿ ಹೋಗಿತ್ತು. ಕೊಕ್ಕೆ ಬಿಡಿಸುವ ಬದಲಿ ವಿದ್ಯುತ್ ಮೋಟರ್ ಕೂಡ ಓಡಿರಲಿಲ್ಲ. ವಿಮಾನವನ್ನು ಎತ್ತಿ ನಿಲ್ಲಿಸಿ, ಕಾಕ್‌ಪಿಟ್‌ನಲ್ಲಿ ಹೊರಬಂದಿದ್ದ ಒಂದು ಸರ್ಕಿಟ್ ಬ್ರೇಕರ್, ಅಂದರೆ ವಿದ್ಯುತ್ ಕಡಿಯುವ ಗುಂಡಿ, ಒತ್ತಿ ನೋಡಿದರು. ಚಕ್ರಗಳು ಇಳಿದವು.