ಫ್ಲಾಟ್‌ವೌಂಡ್ ತಂತಿ ಹಾಕಿದರೆ ತುಕ್ಕಿನ ಕಾಟ ತಪ್ಪುತ್ತದಾ?

ಪ್ರಶ್ನೆ: ಮಂಜೇಶ್ವರದ ಹತ್ತಿರ ನಮ್ಮ ಮನೆ. ಕಡಲಿಗೆ ಹತ್ತು ನಿಮಿಷದ ದಾರಿ. ಇಗರ್ಜಿಯ ಗಾಯನ ಮಂಡಳಿಯಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ, ಆಗೊಮ್ಮೆ ಈಗೊಮ್ಮೆ ಗಾನಮೇಳಕ್ಕೂ ಹೋಗುತ್ತೇನೆ. ಹೊಸ ತಂತಿ ಹಾಕಿ ಎರಡು ತಿಂಗಳಾಗುವಷ್ಟರಲ್ಲಿ ಕಪ್ಪಾಗಿ, ಒರಟಾಗಿ, ಸದ್ದೇ ಸತ್ತು ಹೋಗುತ್ತದೆ. ಫ್ಲಾಟ್‌ವೌಂಡ್ ಹಾಕಿದರೆ ವರ್ಷಗಟ್ಟಲೆ ಮುಟ್ಟಬೇಕಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಾಕಲಾ, ಬೇಡವಾ?

ಉತ್ತರ: ಗೆಳೆಯರು ಹೇಳಿದ್ದು ಸುಳ್ಳಲ್ಲ. ಆದರೆ ಬರೀ ಬಾಳಿಕೆ ನೋಡಿ ಹಾಕುವುದಾದರೆ ಬೇಡ ಅಂತೀನಿ. ಫ್ಲಾಟ್‌ವೌಂಡ್ ಹಾಕಿದರೆ ನಿಮ್ಮ ಬೇಸಿನ ಸದ್ದೇ ಬೇರೆಯಾಗುತ್ತದೆ. ಆ ಸದ್ದು ಹಿಡಿಸಿದರೆ ಬಾಳಿಕೆ ಅನ್ನುವುದು ಮೇಲೊಂದು ಕೊಸರು. ಹಿಡಿಸದಿದ್ದರೆ, ಬೇಡದ ಸದ್ದೊಂದು ವರ್ಷಗಟ್ಟಲೆ ನಿಮ್ಮ ಜೊತೆಗಿರುತ್ತದೆ.

ಎರಡೂ ಬಗೆಯ ತಂತಿಗಳ ಒಳಗೆ ಇರುವುದು ಉಕ್ಕಿನ ಎಳೆಯೇ. ವ್ಯತ್ಯಾಸ ಅದರ ಮೇಲಿನ ಸುತ್ತಿನಲ್ಲಿ. ಈಗ ನೀವು ಹಾಕಿರುವುದು ರೌಂಡ್‌ವೌಂಡ್ ಇರಬೇಕು. ಅದಕ್ಕೆ ಗುಂಡಗಿನ ತೆಳು ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಅದರ ಮೇಲೆ ಬೆರಳು ಜಾರಿಸಿದರೆ, ಬಾಲ್ ಪೆನ್ನಿನ ಸ್ಪ್ರಿಂಗ್ ಮೇಲೆ ಉಗುರು ಎಳೆದಂತೆ ಕರ್ರ್ ಅನ್ನುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಹೊರಗಿನ ಸುತ್ತು ಚಪ್ಪಟೆ ಪಟ್ಟಿ, ರಿಬ್ಬನ್ ಥರ. ಬೆರಳು ಜಾರಿಸಿದರೆ ನುಣ್ಣಗೆ, ಸದ್ದಿಲ್ಲ.

ಈಗ ತುಕ್ಕಿನ ವಿಷಯ. ಗುಂಡು ಸುತ್ತುಗಳ ನಡುವೆ ಸಂದು ಇರುತ್ತದಲ್ಲ, ನಮ್ಮೂರ ಸೆಕೆಗೆ ಸುರಿಯುವ ಬೆವರು, ಕೈಯ ಕೊಳೆ, ಉಪ್ಪುಗಾಳಿಯ ಪಸೆ ಎಲ್ಲ ಹೋಗಿ ಕೂರುವುದು ಅಲ್ಲಿ. ತಂತಿ ಭಾರವಾಗುತ್ತದೆ, ನಡುಕ ಮಂದವಾಗುತ್ತದೆ. ಮೊದಲು ಸಾಯುವುದು ಮೇಲಿನ ಮಿಂಚು, ಆ ಟಣ್ ಅನ್ನುವ ಗುಣ. ಫ್ಲಾಟ್‌ನಲ್ಲಿ ಅಂಥ ಸಂದು ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನ ಪಟ್ಟಿಯೂ ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲ್. ಹಾಗಂತ ತುಕ್ಕೇ ಹಿಡಿಯುವುದಿಲ್ಲ ಅಂದುಕೊಳ್ಳಬೇಡಿ, ನಿಧಾನವಾಗಿ ಹಿಡಿಯುತ್ತದೆ ಅಷ್ಟೆ. ಬಾಳಿಕೆಯ ಅಸಲಿ ಗುಟ್ಟು ಇನ್ನೊಂದಿದೆ. ಕಳೆದುಕೊಳ್ಳಲು ಫ್ಲಾಟ್‌ನಲ್ಲಿ ಮಿಂಚೇ ಜಾಸ್ತಿ ಇರುವುದಿಲ್ಲ. ಹಳತಾದಷ್ಟೂ ಮೆತ್ತಗಾಗುತ್ತದೆ, ಬಹಳ ಜನಕ್ಕೆ ಬೇಕಾಗಿರುವುದೂ ಅದೇ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್, ತುಂಡಾಗದ ಹೊರತು ತಂತಿ ಬದಲಿಸುತ್ತಿರಲಿಲ್ಲ ಅನ್ನುವುದು ಬೇಸಿನವರೆಲ್ಲ ಹೇಳುವ ಮಾತು. ಅವರದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್.

ಆ ಸದ್ದು ಹೇಗಿರುತ್ತದೆ? ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಹೇಳುವುದು ಸುಲಭ. ರೌಂಡ್ ಅಂದರೆ ಚೆಂಡೆ, ಫ್ಲಾಟ್ ಅಂದರೆ ಮದ್ದಳೆ. (ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ಮದ್ದಳೆಯವರು ನನ್ನನ್ನು ಬೈದಾರು.) ಧುಂ ಅಂತ ಹುಟ್ಟಿ, ಎಳೆಯದೆ ಬೇಗ ಅಡಗುತ್ತದೆ. ಗೋಡೆ ಗೋಡೆಗೆ ಬಡಿದು ಪ್ರತಿಧ್ವನಿಸುವ ಇಗರ್ಜಿಯೊಳಗೆ ಇದು ಒಳ್ಳೆಯದೇ. ಒಂದು ಸ್ವರದ ಬಾಲ ಇನ್ನೊಂದರ ಮೇಲೆ ಬೀಳುವುದು ಕಡಿಮೆ. ಹಳೆಯ ಸಿನಿಮಾ ಹಾಡು ನುಡಿಸುವಾಗಲೂ ಚೆನ್ನಾಗಿ ಕೂರುತ್ತದೆ. ಅದರಲ್ಲಿ ಆಶ್ಚರ್ಯವೂ ಇಲ್ಲ. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದ ಮೇಲೆ ಸುಮಾರು ಹದಿನೈದು ವರ್ಷ ಹೆಚ್ಚುಕಡಿಮೆ ಎಲ್ಲರೂ ಹಾಕುತ್ತಿದ್ದದ್ದು ಫ್ಲಾಟನ್ನೇ. 1966ರ ಹೊತ್ತಿಗೆ 'ದ ಹೂ' ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಜೊತೆ ಕೂತು ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ ರೌಂಡ್‌ವೌಂಡ್ ತಂತಿ ಹದ ಮಾಡಿತು. ಆಮೇಲೆ ಫ್ಲಾಟ್ ಹಿಂದೆ ಸರಿಯಿತು. ಆದರೆ ಇದು ಮುದುಕರ ತಂತಿ ಅನ್ನಬೇಡಿ. ಐರನ್ ಮೇಡನ್ ತಂಡದ ಸ್ಟೀವ್ ಹ್ಯಾರಿಸ್ ಹೆವಿ ಮೆಟಲ್ ನುಡಿಸುವುದು ಫ್ಲಾಟ್‌ನಲ್ಲೇ.

ಯಾರೂ ಮೊದಲೇ ಹೇಳದ ತೊಡಕು ಒಂದಿದೆ, ಅದು ಸ್ಪೀಕರಿನದು. ಬೇಸಿನ ದಪ್ಪ 'ಇ' ತಂತಿಯ ಮೂಲ ಕಂಪನ ಸೆಕೆಂಡಿಗೆ ಸುಮಾರು 41. ಸಣ್ಣ ಸ್ಪೀಕರ್‌ಗಳಿಗೆ ಅಷ್ಟು ಕೆಳಗೆ ಇಳಿಯಲಾಗದು. ಅವುಗಳಲ್ಲಿ ನಾವು ಬೇಸ್ ಅಂತ ಕೇಳುವುದು ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಮರಿಸ್ವರಗಳನ್ನು. ಅವುಗಳಿಂದಲೇ ಕೆಳಗಿನ ಸ್ವರವನ್ನು ಕಿವಿ ಊಹಿಸಿಕೊಳ್ಳುತ್ತದೆ. ಫ್ಲಾಟ್‌ನಲ್ಲಿ ಕಡಿಮೆ ಇರುವುದು ಇದೇ ಮರಿಸ್ವರ. ಹಾಗಾಗಿ ಗಾನಮೇಳದ ದೊಡ್ಡ ಬಾಕ್ಸ್‌ಗಳಲ್ಲಿ ನೆಲ ನಡುಗಿಸುವ ಫ್ಲಾಟ್, ಕಂಬಕ್ಕೆ ಕಟ್ಟಿದ ಹಾರ್ನಿನಲ್ಲೋ ಮೊಬೈಲಿನಲ್ಲೋ ಮಾಯ. ನಾನು ಫ್ಲಾಟ್ ಹಾಕಿದ ಹೊಸದರಲ್ಲಿ ಮನೆಯವರಿಗೆ ವಿಡಿಯೋ ತೋರಿಸಿದೆ. 'ನೀನು ಸುಮ್ನೆ ನಿಂತಿದ್ದೀಯಲ್ಲ' ಅಂದರು. ನಿಮ್ಮ ಇಗರ್ಜಿಯಲ್ಲಿ ಬೇಸಿಗೆ ಪ್ರತ್ಯೇಕ ಆಂಪ್ ಇದೆಯಾ, ಅಥವಾ ಗೋಡೆಯ ಸಣ್ಣ ಸ್ಪೀಕರಿಗೇ ಕೊಡುತ್ತೀರಾ ನೋಡಿಕೊಳ್ಳಿ. ಎರಡನೆಯದಾದರೆ ರೌಂಡ್‌ನಲ್ಲೇ ಇರಿ, ನುಡಿಸಿದ ಮೇಲೆ ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿ. ಹೆಬ್ಬೆರಳಲ್ಲಿ ಬಡಿದು ಸ್ಲ್ಯಾಪ್ ನುಡಿಸುವ ಅಭ್ಯಾಸವಿದ್ದರೂ ಅದೇ ಮಾತು.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಪಾತ್ರೆ ತೊಳೆಯುವ ಹೊಸ ಸ್ಪಂಜಿನ ಒಂದು ತುಂಡನ್ನು ಬ್ರಿಜ್ (ಬಾಡಿಯ ಮೇಲೆ ತಂತಿಗಳ ಬುಡ ಕೂರುವ ಭಾಗ) ಪಕ್ಕದಲ್ಲಿ ತಂತಿಗಳ ಅಡಿಗೆ ತುರುಕಿ, ಟೋನ್ ಗುಂಡಿಯನ್ನು ಪೂರ್ತಿ ಇಳಿಸಿ ಒಂದು ವಾರ ನುಡಿಸಿ. ಹಳೆಯ ಪ್ರಿಸಿಷನ್ ಬೇಸುಗಳಲ್ಲಿ ಬ್ರಿಜ್ ಮುಚ್ಚಳದ ಒಳಗೆ ಕಂಪನಿಯೇ ಇಂಥ ಸ್ಪಂಜು ಇಡುತ್ತಿತ್ತು. ಫ್ಲಾಟಿನ ಸದ್ದು ಹೀಗೇ ಇರುವುದಿಲ್ಲ, ಆದರೆ ಆ ದಿಕ್ಕಿನದು. ವಾರದ ಕೊನೆಗೆ ಸ್ಪಂಜು ತೆಗೆಯಲು ಮನಸ್ಸಾಗದಿದ್ದರೆ ಫ್ಲಾಟ್ ತನ್ನಿ.

ಯಾವುದು ತರುವುದು? ರೌಂಡಿನಿಂದ ಬರುವವರಿಗೆ ನಾನು ಹೇಳುವುದು ಡಿ'ಅಡಾರಿಯೋ ಕ್ರೋಮ್ಸ್, 45ರಿಂದ 100ರ ಸೆಟ್ (ಇದು ತಂತಿಗಳ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ). ಫ್ಲಾಟ್‌ಗಳಲ್ಲಿ ಅದು ಸ್ವಲ್ಪ ಹೊಳಪಿನದು, ಸ್ಪೀಕರಿನ ತೊಡಕೂ ಸ್ವಲ್ಪ ಕಡಿಮೆ. ಆದರೆ ಬಿಗಿ. ಆಸ್ಟ್ರಿಯಾದ ಥೋಮಾಸ್ಟಿಕ್ ಜಾಝ್ ಫ್ಲಾಟ್ಸ್ ತುಂಬ ಸಡಿಲ, ಬೆರಳಿಗೆ ಹಗುರ, ಜೇಬಿಗೆ ಮಾತ್ರ ಭಾರ. ಜೇಮರ್ಸನ್ ಸದ್ದೇ ಬೇಕು ಅಂತ ಮೊದಲ ಸಲಕ್ಕೇ ಲಾ ಬೆಲ್ಲಾದ 52ರಿಂದ 110ರ ದಪ್ಪ ಸೆಟ್ ತರಬೇಡಿ. ನಟ್‌ನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಚ್ಚಿನಲ್ಲಿ ಅದು ಕೂರುವುದಿಲ್ಲ, ಅರ ಹಾಕಿ ಉಜ್ಜಿಸಬೇಕಾಗುತ್ತದೆ. ಒಮ್ಮೆ ಉಜ್ಜಿದರೆ ತೆಳು ತಂತಿಗೆ ಆ ಕಚ್ಚು ಸಡಿಲ. ಅದೇ ಕಂಪನಿಯ 45ರಿಂದ 105ರ ಸೆಟ್ ಸಾಕು. ನಟ್‌ನಿಂದ ಬ್ರಿಜ್‌ವರೆಗೆ ನಿಮ್ಮ ಬೇಸ್ 34 ಇಂಚಿನದೋ 30 ಇಂಚಿನದೋ ಅಳೆದು ಅದಕ್ಕೆ ತಕ್ಕ ಸೆಟ್ಟನ್ನೇ ಕೇಳಿ. ತಂತಿಯ ತುದಿಯ ಬಣ್ಣದ ರೇಷ್ಮೆ ಸುತ್ತು ನಟ್ ದಾಟಿದ ಮೇಲೆ ಶುರುವಾಗಬೇಕು, ಫ್ರೆಟ್‌ಗಳ ಮೇಲೆ ಬರಬಾರದು.

ಹಾಕುವಾಗ ನಾನು ಮಾಡಿದ ಪೆದ್ದುತನ ನೀವು ಮಾಡಬೇಡಿ. ಮೊದಲ ಸೆಟ್ ತಂದ ದಿನ, ತಂತಿ ಉದ್ದವಾಯಿತೆಂದು ಬಗ್ಗಿಸದೆ ನೇರವಾಗಿರುವಾಗಲೇ ಕಟಿಂಗ್ ಪ್ಲಯರ್‌ನಲ್ಲಿ ಕತ್ತರಿಸಿಬಿಟ್ಟೆ. ಹೊರಗಿನ ಪಟ್ಟಿ ಒಳಗಿನ ಎಳೆಯ ಮೇಲೆ ಸಡಿಲಾಯಿತು. 'ಇ' ತಂತಿ ಆವತ್ತೇ ಸತ್ತಿತು, ಮರದ ತುಂಡಿಗೆ ಬಡಿದಂತೆ ಸದ್ದು. ಒಂದೇ ತಂತಿ ಬಿಡಿಯಾಗಿ ಸಿಗಲಿಲ್ಲ, ಇನ್ನೊಂದು ಸೆಟ್ಟೇ ತರಬೇಕಾಯಿತು. ಕ್ರಮ ಇಷ್ಟೆ. ಗೂಟದಿಂದ ನಾಲ್ಕೈದು ಇಂಚು ಮುಂದೆ ತಂತಿಯನ್ನು ಮೊದಲು ಚೂಪಾಗಿ ಬಗ್ಗಿಸಿ, ಬಗ್ಗಿದ ಜಾಗದ ಆಚೆ ಕತ್ತರಿಸಿ. ಸುತ್ತುವಾಗ ತಂತಿ ತಿರುಚಿಕೊಳ್ಳದಂತೆ ನೋಡಿಕೊಳ್ಳಿ. ಬಾಡಿಯ ಹಿಂದಿನಿಂದ ತಂತಿ ಹಾಯಿಸುವ ಬೇಸ್ ಆದರೆ ಫ್ಲಾಟನ್ನು ಬ್ರಿಜ್‌ನಿಂದಲೇ ಹಾಕಿ. ಹಿಂದಿನಿಂದ ಹಾಯಿಸಿದರೆ ಆಗುವ ಚೂಪು ತಿರುವಿನಲ್ಲಿ ಪಟ್ಟಿ ಬಾಯಿ ಬಿಡಬಹುದು.

ಬಿಗಿ ಜಾಸ್ತಿಯಾದ್ದರಿಂದ ನೆಕ್ ಮುಂದಕ್ಕೆ ಬಾಗುವುದು ಸಹಜ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಬಾಗಿಲು ಉಬ್ಬಿ ಸಿಕ್ಕಿಕೊಳ್ಳುತ್ತದಲ್ಲ, ನೆಕ್ ಕೂಡ ಮರವೇ. ತಂತಿ ಹಾಕಿ ಒಂದೆರಡು ದಿನ ಬಿಡಿ. ಆಮೇಲೆ ತಂತಿಯನ್ನು ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು ನಡುವೆ ನೋಡಿ. ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಸಾಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ಕಿನ ಬಾಗು ಸರಿಪಡಿಸಲು ಅದರೊಳಗೆ ಇರುವ ಲೋಹದ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ. ಧೈರ್ಯ ಸಾಲದಿದ್ದರೆ ಮಂಗಳೂರಿನ ಯಾವುದಾದರೂ ಗಿಟಾರ್ ರಿಪೇರಿಯವರಿಗೆ ತೋರಿಸಿ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಇದನ್ನೇ ನೋಡಬೇಕು. ಹಳೆ ರೌಂಡ್ ತಂತಿಯನ್ನು ನೀರಲ್ಲಿ ಕುದಿಸಿ ಮಿಂಚು ಬರಿಸುತ್ತಾರಲ್ಲ, ಆ ಉಪಾಯ ಫ್ಲಾಟ್‌ಗೆ ಬೇಡ. ರೇಷ್ಮೆ ಹಾಳಾಗುತ್ತದೆ.

ಕ್ರಿಸ್ಮಸ್‌ಗೆ ಹಾಕುವ ಯೋಚನೆ ಇದ್ದರೆ ನವೆಂಬರ್ ಮೊದಲ ವಾರದಲ್ಲೇ ಹಾಕಿ. ಹೊಸ ಫ್ಲಾಟ್ ಮೊದಲ ಕೆಲವು ವಾರ ಬೆರಳಿಗೆ ಸ್ವಲ್ಪ ಅಂಟಿದಂತೆ ಇರುತ್ತದೆ, ಸದ್ದೂ ಅಷ್ಟು ಪಳಗಿರುವುದಿಲ್ಲ. ಈಗಿನ ರೌಂಡ್ ಸೆಟ್ಟನ್ನು ಕತ್ತರಿಸದೆ ಸುತ್ತಿ ಹಳೇ ಕವರಿನಲ್ಲಿ ಇಟ್ಟಿರಿ.