ಕಾಲರಿನ ಬಳಿಯ ಗಾಳಿ

ಗ್ರಾನೈಟ್ ಕತ್ತರಿಸುವ ಶೆಡ್ಡಿಗೆ ಧೂಳು ಅಳೆಯಲು ಹೋದಾಗ ಉಪಕರಣವನ್ನು ಬಾಗಿಲ ಬಳಿಯ ಮೇಜಿನ ಮೇಲಿಡಿ ಎನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಮೇಜು ಉಸಿರಾಡುವುದಿಲ್ಲ. ಗ್ರೈಂಡರ್ ಹಿಡಿದು ಕಲ್ಲಿನ ಅಂಚು ಉಜ್ಜುವವನು ಮುಖ ಬಗ್ಗಿಸಿಕೊಂಡೇ ಕೆಲಸ ಮಾಡುತ್ತಾನೆ. ಅಳೆಯಬೇಕಾದದ್ದು ಅವನ ಮೂಗಿನ ಬಳಿಯ ಗಾಳಿಯನ್ನು.

ಹಾಗಾಗಿ ಪುಟ್ಟ ಪಂಪು ಅವನ ಸೊಂಟದ ಬೆಲ್ಟಿಗೆ, ಕೊಳವೆಯ ತುದಿ ಅಂಗಿಯ ಕಾಲರಿಗೆ, ಮೂಗಿನಿಂದ 30 ಸೆಂಟಿಮೀಟರ್ ಒಳಗೆ. ತುದಿಯಲ್ಲಿರುವ ಸೈಕ್ಲೋನ್ ಎಂಬ ಸಣ್ಣ ಸಾಧನದೊಳಗೆ ಗಾಳಿ ಸುಳಿಯಂತೆ ತಿರುಗುವಾಗ ದಪ್ಪ ಕಣಗಳು ಕೆಳಗೆ ಉದುರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ, ಸುಮಾರು 4 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳು ಮಾತ್ರ ಫಿಲ್ಟರ್ ತಲುಪುತ್ತವೆ. ನೈಲಾನ್ ಸೈಕ್ಲೋನಿಗೆ ನಿಮಿಷಕ್ಕೆ 1.7 ಲೀಟರ್ ಹರಿವು ಬೇಕು. ಹರಿವು ಏರಿದರೆ ಎಣಿಸಬೇಕಾದ ಕಣಗಳೂ ಕೆಳಗೆ ಬಿದ್ದುಹೋಗಿ, ಗಾಳಿ ಇರುವುದಕ್ಕಿಂತ ಶುದ್ಧವೆಂದು ತೋರುತ್ತದೆ. ಅದಕ್ಕೇ ಪಾಳಿಯ ಮೊದಲೂ ಕೊನೆಗೂ ಹರಿವನ್ನು ಪರೀಕ್ಷಿಸುತ್ತೇನೆ.

ಎಂಟು ಗಂಟೆಗೆ 816 ಲೀಟರ್ ಗಾಳಿ ಸಾಗುತ್ತದೆ. ಅಮೆರಿಕ 2016ರಲ್ಲಿ ಗೊತ್ತುಮಾಡಿದ ಮಿತಿ ಘನಮೀಟರಿಗೆ 50 ಮೈಕ್ರೋಗ್ರಾಂ ಸಿಲಿಕಾ. ಅಂದರೆ ಫಿಲ್ಟರಿನಲ್ಲಿ ಸುಮಾರು 40 ಮೈಕ್ರೋಗ್ರಾಂ, ಒಂದು ಮಿಲಿಗ್ರಾಮಿನ ಇಪ್ಪತ್ತೈದನೇ ಒಂದು ಪಾಲು ಬಿದ್ದರೆ ಮಿತಿ ಮುಟ್ಟಿದಂತೆ. ಕಣ್ಣಿಗೆ ಕಾಣುವ ಧೂಳನ್ನು ನೋಡಿ ಇದನ್ನು ಅಂದಾಜಿಸಲಾಗದು.

ತೂಕವೊಂದೇ ಸಾಲದು. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲಿ ಬೆಣಚು, ಅಂದರೆ ಹರಳುರೂಪದ ಸಿಲಿಕಾ, ಧಾರಾಳ. ಚಾಮರಾಜನಗರದ ಕರಿಕಲ್ಲಿನಲ್ಲಿ ಬಹಳ ಕಡಿಮೆ. ಧೂಳಿನ ತೂಕ ಒಂದೇ ಇದ್ದರೂ ಅಪಾಯ ಒಂದೇ ಅಲ್ಲ. ಆದ್ದರಿಂದ ಪ್ರಯೋಗಾಲಯದಲ್ಲಿ ಎಕ್ಸ್-ರೇ ಹಾಯಿಸಿ ಬೆಣಚಿನ ಪಾಲನ್ನು ಬೇರೆಯಾಗಿ ಅಳೆಯಬೇಕು. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿ ಕೊಟ್ಟಿದ್ದ ಸೂತ್ರವೂ ಇದನ್ನೇ ಕೇಳುತ್ತಿತ್ತು: ಬೆಣಚಿನ ಶೇಕಡಾಂಶಕ್ಕೆ 2 ಕೂಡಿಸಿ, ಅದರಿಂದ 10ನ್ನು ಭಾಗಿಸಿ. ಧೂಳಿನಲ್ಲಿ ಶೇ. 30 ಬೆಣಚಿದ್ದರೆ ಅದರಂತೆ ಮಿತಿ ಘನಮೀಟರಿಗೆ 0.31 ಮಿಲಿಗ್ರಾಂ ಧೂಳು, ಅದರಲ್ಲಿ ಸುಮಾರು 94 ಮೈಕ್ರೋಗ್ರಾಂ ಬೆಣಚು. ಅಮೆರಿಕದ ಮಿತಿಯ ಹೆಚ್ಚುಕಡಿಮೆ ಎರಡರಷ್ಟು. ಸಿಲಿಕಾ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ಒಮ್ಮೆ ಬಂದರೆ ವಾಸಿಯಾಗದ ಕಾಯಿಲೆ. ಇಂಥ ಅಂಕಿಯ ಮುಂದೆ ‘ಮಿತಿಯೊಳಗಿದೆ’ ಎಂದಷ್ಟೇ ಬರೆದು ಸಹಿ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಶೆಡ್ಡಿನಲ್ಲಿ ಅಳತೆಯ ದಿನ ಪ್ರತಿ ಗ್ರೈಂಡರಿನ ಮೇಲೂ ನೀರು ಹರಿಯುತ್ತಿತ್ತು. ಹೇಳದೆ ಇನ್ನೊಮ್ಮೆ ಹೋದೆ, ನಲ್ಲಿಗಳು ಒಣಗಿದ್ದವು. ಟವೆಲ್ಲಿನಿಂದ ಮೂಗು ಮುಚ್ಚಿಕೊಂಡಿದ್ದವನು, “ಬಟ್ಟೆ ಕಟ್ಟಿಕೊಂಡಿದ್ದೇನಲ್ಲ ಸಾರ್, ಸಾಲದೇ?” ಎಂದ. ಈ ಕಣಗಳು ಟವೆಲ್ಲಿನ ನೂಲಿನ ಸಂದಿಯಲ್ಲಿ ಸಲೀಸಾಗಿ ನುಸುಳುತ್ತವೆ ಎಂದೆ. ಸಂಜೆ ಅವನ ಎದುರಿಗೇ ಫಿಲ್ಟರ್ ತೆಗೆದೆ. ಬೆಳಿಗ್ಗೆ ಬೆಳ್ಳಗಿದ್ದದ್ದು ಬೂದಿ ಬಣ್ಣಕ್ಕೆ ತಿರುಗಿತ್ತು.